ಅಡೋಬಿಯಿಂದ ಮಾಳಗಿವರೆಗೆ: ಈಜಿಪ್ಟಿನ ಮನೆ, ಮನ್ನಳ್ಳಿಯ ಮನೆ

ಪಿಡಿಎಫ್ ತೆರೆಯೋಕೆ ನಾವೆಲ್ಲ ಬಳಸೋ ‘ಅಡೋಬಿ’ ಅನ್ನೋ ಹೆಸರಿನ ಅರ್ಥ ಗೊತ್ತಾ? ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ! ಕಂಪನಿಗೆ ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಒಂದು ಹಳ್ಳದಿಂದ. ಆದರೆ ಪದದ ಬೇರು ಇರೋದು ಪ್ರಾಚೀನ ಈಜಿಪ್ಟಿನಲ್ಲಿ. ಅಲ್ಲಿಯವರು ಇಟ್ಟಿಗೆಗೆ ‘ಜೆಬೆತ್’ ಅಂತಿದ್ದರು. ಅದು ಅರಬ್ಬಿಯಲ್ಲಿ ‘ತೂಬ್’ ಆಗಿ, ಸ್ಪ್ಯಾನಿಷ್‌ನಲ್ಲಿ ‘ಅಡೋಬೆ’ ಆಯಿತು.

ಇದೆಲ್ಲ ಓದೋಕೆ ಕಾರಣ ಬೀದರ್ ತಾಲ್ಲೂಕಿನ ಮನ್ನಳ್ಳಿ. ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಅಲ್ಲಿನ ಗೆಳೆಯನ ಅಜ್ಜಿ ಮನೆಗೆ ಹೋಗಿದ್ವಿ. ಅದು ಕಲ್ಲು-ಮಣ್ಣಿನ ಹಳೆಯ ಮಾಳಗಿ ಮನೆ. ಕೆಡವಿ ಸ್ಲ್ಯಾಬ್ ಹಾಕಿಸೋಣ ಅಂತ ಅವನ ಮಾವ, ಬ್ಯಾಡ ಅಂತ ಅಜ್ಜಿ. ‘ನೀವು ಇಂಜಿನಿಯರಿಂಗ್ ಓದ್ತೀರಲ್ಲ, ನೀವೇ ಹೇಳ್ರಿ’ ಅಂದ್ರು. ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಹುಡುಕಿದ್ದು ಇಷ್ಟು.

ಈಜಿಪ್ಟಿನಲ್ಲಿ ಹೇಗಿತ್ತು?

ಈಜಿಪ್ಟ್ ಅಂದ್ರೆ ನಮಗೆ ಪಿರಮಿಡ್ಡೇ ನೆನಪಾಗುತ್ತೆ. ಆದರೆ ಕಲ್ಲು ಇದ್ದದ್ದು ಮುಖ್ಯವಾಗಿ ಗೋರಿಗೆ, ದೇವಾಲಯಕ್ಕೆ. ಬದುಕಿರೋರು, ಫೇರೋ ಕೂಡ, ವಾಸ ಮಾಡಿದ್ದು ಮಣ್ಣಿನ ಮನೆಯಲ್ಲಿ. ನೈಲ್ ನದಿಯ ಹೂಳಿಗೆ ಹುಲ್ಲು ಕಲಸಿ, ಅಚ್ಚಿಗೆ ಹಾಕಿ, ಒಣಗಿಸಿದರೆ ಇಟ್ಟಿಗೆ ರೆಡಿ. ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರ ಊರು ದೇರ್ ಎಲ್ ಮದೀನಾ. ಅದರ ಗೋಡೆಯೊಳಗೆ ಸುಮಾರು 68 ಮನೆಗಳ ಪಾಯ ಇವತ್ತಿಗೂ ಕಾಣುತ್ತೆ. ಉದ್ದನೆ, ಇಕ್ಕಟ್ಟು ಮನೆ. ಮುಂದಿನ ಕೋಣೆ, ಎತ್ತರದ ನಡುಮನೆ, ಕೊನೆಗೆ ಅಡುಗೆಯ ಜಾಗ. ಬೆಳಕು ಬರೋದು ಮೇಲಿನ ಸಣ್ಣ ಕಿಟಕಿಯಿಂದ. ಮರದ ತೊಲೆ, ಮೇಲೆ ಜೊಂಡು, ಅದರ ಮೇಲೆ ಮಣ್ಣು ಹಾಕಿದ ಚಪ್ಪಟೆ ಮಾಳಿಗೆ, ಅದಕ್ಕೆ ಹತ್ತೋಕೆ ಮೆಟ್ಟಿಲು.

ಮನ್ನಳ್ಳಿಯಲ್ಲಿ ಹೇಗಿದೆ?

ಓದುವಾಗ ನಮಗೆ ಅಜ್ಜಿ ಮನೆಯೇ ಕಣ್ಣ ಮುಂದೆ ಬಂತು. ಹೊರಗೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಹಿಂದೆ ಅಡುಗೆಮನೆ. ದಪ್ಪ ಗೋಡೆ, ತೊಲೆ-ಜಂತಿ, ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ದಪ್ಪ ಮಣ್ಣು ಹಗಲಿನ ಶಾಖ ಒಳಗೆ ಬರೋಕೆ ಹಲವು ಗಂಟೆ ತಗೊಳ್ಳುತ್ತೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಥರ್ಮಲ್ ಮಾಸ್ ಅಂತಾರೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ಪಕ್ಕದ ಸ್ಲ್ಯಾಬ್ ಮನೆಯವರೂ ಅಜ್ಜಿಯ ಪಡಸಾಲೆಗೇ ಬಂದು ಮಲಗಿದ್ರು.

ಒಂದು ವ್ಯತ್ಯಾಸ ಇದೆ. ಈಜಿಪ್ಟಿನಲ್ಲಿ ಮಳೆ ತೀರಾ ಕಡಿಮೆ, ಬೀದರಿನಲ್ಲಿ ಹಾಗಲ್ಲ. ಅದಕ್ಕೇ ಉತ್ತರ ಕರ್ನಾಟಕದ ಕಡೆ ಮಾಳಗಿ ಮೇಲೆ ಸವಳು ಮಣ್ಣು ಹಾಕ್ತಾರೆ. ಬೆಳೆ ಬಾರದ ಈ ಮಣ್ಣಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಳಿಯಲ್ಲ. ಹೊಲಕ್ಕೆ ಶಾಪವಾದ ಮಣ್ಣು ಮಾಳಗಿಗೆ ವಾಟರ್‌ಪ್ರೂಫಿಂಗ್!

ಹಾಗಾದ್ರೆ ಮಾವ ಹೇಳಿದ್ದು ತಪ್ಪಾ?

ಇಲ್ಲ. ಬೀದರ್ ಜಿಲ್ಲೆಯ ಪಕ್ಕದ ಲಾತೂರು ಜಿಲ್ಲೆಯಲ್ಲಿ ಕಿಲ್ಲಾರಿ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಅಲ್ಲಿ ಭೂಕಂಪ ಆಯಿತು. ತೀವ್ರತೆ 6ಕ್ಕಿಂತ ತುಸು ಹೆಚ್ಚು ಅಷ್ಟೇ. ಆದರೂ ಸತ್ತವರು 7,900ಕ್ಕೂ ಹೆಚ್ಚು. ಹೆಚ್ಚಿನವರನ್ನು ಕೊಂದದ್ದು ಇಂಥದೇ ಮನೆಗಳು.

ಲೆಕ್ಕ ಹಾಕಿ ನೋಡೋಣ. 10×12 ಅಡಿ ಕೋಣೆ, ಮೇಲೆ ಒಂದೂವರೆ ಅಡಿ ಮಣ್ಣು, ಒಂದು ಘನ ಮೀಟರಿಗೆ 1,600 ಕೆಜಿ ಅಂತ ಹಿಡಿದರೆ ತಲೆ ಮೇಲೆ ಸುಮಾರು 8 ಟನ್. ಅದೇ ಕೋಣೆಗೆ 4 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ 3 ಟನ್ನಿಗೂ ಕಡಿಮೆ. ಗೋಡೆಯದೂ ಸಮಸ್ಯೆ ಇದೆ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಬರೀ ಮಣ್ಣು-ಜಲ್ಲಿ. ಅಡ್ಡ ಹಿಡಿಯೋ ಉದ್ದ ಕಲ್ಲು ಇಲ್ಲದಿದ್ರೆ, ನೆಲ ಅಲುಗಿದಾಗ ಎರಡು ಸಾಲೂ ಬೇರೆಯಾಗುತ್ತವೆ.

ನಾವು ಕೊಟ್ಟ ಉತ್ತರ

ಮಣ್ಣು ತಪ್ಪಲ್ಲ, ಭಾರ ತಪ್ಪು. ಗಟ್ಟಿಯಾಗಿ ಹಿಡಿದುಕೊಳ್ಳದ ಗೋಡೆ ತಪ್ಪು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಸುಡದೇ ಬ್ಲಾಕ್ ಮಾಡೋದನ್ನು ಬೆಳೆಸಿತು. ಅಂಥ ಬ್ಲಾಕಿನ ಗೋಡೆ, ಕಿಟಕಿ-ಬಾಗಿಲ ಮೇಲೆ ಮನೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಹಗುರವಾದ ಮಾಳಿಗೆ: ಹೀಗೆ ಕಟ್ಟಿದರೆ ಅಜ್ಜಿಗೆ ತಂಪೂ ಸಿಗುತ್ತೆ, ಮಾವನ ಭಯವೂ ಕಡಿಮೆ ಆಗುತ್ತೆ. ಕಟ್ಟೋ ಮುಂಚೆ ಅನುಭವ ಇರೋ ಇಂಜಿನಿಯರಿಗೆ ತೋರಿಸಿ, ನಾವಿನ್ನೂ ಎರಡನೇ ವರ್ಷ ಅಂತಾನೂ ಹೇಳಿದ್ವಿ.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅಜ್ಜಿ ಕೇಳಿದ್ದು ಒಂದೇ: ‘ಬೆಳಕಿಂಡಿ ಇಡ್ತೀರಿಲ್ಲೋ?’ ಇಡ್ತೀವಿ ಅಂದ್ವಿ.

ನಿಮ್ಮ ಊರಲ್ಲೂ ಹಳೆ ಮನೆ ಕೆಡವುವ ಮಾತು ನಡೀತಿರಬಹುದು. ಅದಕ್ಕೂ ಮುಂಚೆ ಒಂದು ಟೇಪ್ ಹಿಡಿದು ಹೋಗಿ, ಗೋಡೆ ದಪ್ಪ ಅಳೆಯಿರಿ, ಪ್ಲಾನ್ ಬರೆದಿಡಿ. ದೇರ್ ಎಲ್ ಮದೀನಾದ ಅಡುಗೆಮನೆ ಎಲ್ಲಿತ್ತು ಅಂತ ಮೂರು ಸಾವಿರ ವರ್ಷದ ಮೇಲೂ ಗೊತ್ತಿದೆ. ನಮ್ಮ ಅಜ್ಜಿಯರದ್ದೂ ಗೊತ್ತಿರಲಿ.