‘ಎಷ್ಟಿದೆ?’ ಎಂದು ಕೇಳುವ ಮೊದಲು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಆರು ವರ್ಷದವಳಿದ್ದಾಗ ಟೈಪ್ ಒನ್ ಡಯಾಬಿಟಿಸ್ ಎಂದು ಗೊತ್ತಾಯಿತು. ದಿನಕ್ಕೆ ನಾಲ್ಕೈದು ಸಲ ಚುಚ್ಚುವುದನ್ನು ನೋಡಲಾಗದೆ, ನನ್ನ ಬಳೆ, ಸರ ಅಡವಿಟ್ಟು ಮೂರು ತಿಂಗಳ ಹಿಂದೆ ಇನ್ಸುಲಿನ್ ಪಂಪ್ ಹಾಕಿಸಿದೆವು. ಮಗುವಿಗೆ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ. ಅವಳಿಗೆ ಮೊದಲ ದಿನದಿಂದಲೂ ಅದು ಬೇಡ. ಮೂರು ದಿನಕ್ಕೊಮ್ಮೆ ಪಂಪಿನ ಟ್ಯೂಬು, ಅಂಟುಪಟ್ಟಿಯ ಸೆಟ್ ಬದಲಿಸುವ ಹೊತ್ತಿಗೆ ಮಂಚದ ಕೆಳಗೆ ಹೋಗಿ ಕೂರುತ್ತಾಳೆ. ನಾನು ಕೈಕಾಲು ಹಿಡಿದುಕೊಂಡು, ಅವರಪ್ಪ ಹಾಕಬೇಕು. ಶಾಲೆಯಲ್ಲಿ ಮಕ್ಕಳು ‘ಬ್ಯಾಟರಿ’ ಎಂದು ಕರೆಯುತ್ತಾರಂತೆ. ಹೋದ ತಿಂಗಳು ಪ್ರಾರ್ಥನೆ ಮುಗಿದ ಮೇಲೆ ಪಂಪ್ ಬಿಚ್ಚಿ ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ಸಂಜೆ ಮನೆಗೆ ಬಂದು ವಾಂತಿ. ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿದೆ ಎಂದು ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಸಿಟ್ಟಿನಲ್ಲಿ, ‘ನಿನಗೋಸ್ಕರ ಮೈಮೇಲಿನ ಒಡವೆ ಅಡವಿಟ್ಟಿದ್ದೀನಿ’ ಎಂದು ಬೈದುಬಿಟ್ಟೆ. ಅವತ್ತಿನಿಂದ ಸರಿಯಾಗಿ ಮಾತೇ ಆಡುತ್ತಿಲ್ಲ. ಶಾಲೆಯಿಂದ ಬಂದವಳನ್ನು ‘ಎಷ್ಟಿದೆ ಶುಗರ್?’ ಎಂದು ಕೇಳಿದರೆ ಸುಳ್ಳು ಹೇಳುತ್ತಾಳೆ. ‘ಹೆಣ್ಣುಮಗುವಿನ ಹೊಟ್ಟೆಗೆ ಮಿಷನ್ನು ಕಟ್ಟಿದ್ದೀರಿ, ನಾಳೆ ಯಾರು ಮದುವೆಯಾಗುತ್ತಾರೆ?’ ಎಂದು ನಮ್ಮತ್ತೆ ದಿನಾ ಕೊರಗುತ್ತಾರೆ. ನಾವು ತಪ್ಪು ಮಾಡಿದೆವಾ? ಪಂಪ್ ತೆಗೆಸಿಬಿಡಬೇಕಾ?
– ಒಬ್ಬ ತಾಯಿ, ಹಾಸನ

ಉತ್ತರ: ಪ್ರೀತಿಯ ತಾಯಿ,

ನೀವು ತಪ್ಪು ಮಾಡಿಲ್ಲ. ಪಂಪ್ ಹಾಕಿಸಿದ್ದೂ ತಪ್ಪಲ್ಲ, ಮಗುವಿಗೆ ಈ ಕಾಯಿಲೆ ಬಂದದ್ದರಲ್ಲಿ ನಿಮ್ಮ ಪಾಲೂ ಇಲ್ಲ. ಸಿಹಿ ತಿಂದಿದ್ದಕ್ಕೆ, ದೃಷ್ಟಿ ತಾಗಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡಿದಾಗ ಬರುವಂಥದ್ದು.

ಮೊದಲು ಅಪಾಯದ ಮಾತು ಮುಗಿಸೋಣ. ಪಂಪ್ ಬಿಚ್ಚಿಟ್ಟ ಒಂದೇ ದಿನದಲ್ಲಿ ಮಗು ಆಸ್ಪತ್ರೆ ಸೇರುವಂತಾದದ್ದು ಯಾಕೆ ಎನ್ನುವುದು ನಿಮಗಷ್ಟೇ ಅಲ್ಲ, ಅವಳಿಗೂ ಅರ್ಥವಾಗಬೇಕು. ಹೀಗೆ ಹೇಳಿ ನೋಡಿ. ಮೊದಲು ಚುಚ್ಚುವ ಪೆನ್ನಿನಲ್ಲಿ ಕೊಡುತ್ತಿದ್ದ ದಿನಪೂರ್ತಿಯ ಇನ್ಸುಲಿನ್ ಮನೆಯ ಸಂಪಿನ ಹಾಗೆ. ಒಂದು ಸಲ ತುಂಬಿಸಿದರೆ ನೀರು ಬರದಿದ್ದರೂ ಒಂದು ದಿನ ನಡೆಯುತ್ತದೆ. ಪಂಪ್ ಹಾಗಲ್ಲ, ಅದು ನೇರ ನಲ್ಲಿ. ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ ಅದರಲ್ಲಿರುತ್ತದೆ, ಹನಿಹನಿಯಾಗಿ ಹಗಲೂ ರಾತ್ರಿ ಹೋಗುತ್ತಿರುತ್ತದೆ. ನಲ್ಲಿ ನಿಂತರೆ ಸಂಪಿನಲ್ಲಿ ಏನೂ ಇಲ್ಲ. ಮೂರು ನಾಲ್ಕು ಗಂಟೆಯಲ್ಲೇ ಕೀಟೋನ್ ಏರಲು ಶುರುವಾಗುತ್ತದೆ. ಸ್ನಾನಕ್ಕೆ, ಈಜಿಗೆ ಎಂದು ಬಿಚ್ಚಿದರೂ ಒಂದು ಗಂಟೆಯೊಳಗೆ ಮತ್ತೆ ಹಾಕಿಬಿಡುವುದು ಒಳ್ಳೆಯದು.

ಅಂಟುಪಟ್ಟಿ ಸಡಿಲವಾದರೂ, ಚರ್ಮದೊಳಗಿನ ಪುಟ್ಟ ಕೊಳವೆ ಮಡಚಿಕೊಂಡರೂ ಇದೇ ಕಥೆ. ಕಾರಣವಿಲ್ಲದೆ ಶುಗರ್ 250 ದಾಟಿದರೆ ಕೀಟೋನ್ ನೋಡಿ. ಪಂಪಿನಿಂದ ಕೊಟ್ಟ ಡೋಸಿಗೆ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ಕೀಟೋನ್ ಕಂಡರೆ, ಪಂಪನ್ನು ನಂಬಿ ಕೂರಬೇಡಿ. ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಪೆನ್ನಿನಿಂದ ಕೊಟ್ಟು, ಹೊಸ ಸೆಟ್ ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ನೇರ ಆಸ್ಪತ್ರೆಗೆ. ಪಂಪ್ ಇದೆ ಎಂದು ಪೆನ್ನನ್ನು, ದಿನಪೂರ್ತಿಯ ಇನ್ಸುಲಿನ್ನನ್ನು ಮನೆಯಿಂದ ಆಚೆ ಹಾಕಬೇಡಿ. ಯಾವುದನ್ನು ಎಷ್ಟು ಕೊಡಬೇಕೆಂದು ಡಾಕ್ಟರ ಕೈಯಲ್ಲಿ ಕನ್ನಡದಲ್ಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ಇನ್ನು ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹನ್ನೊಂದರ ಹುಡುಗನೊಬ್ಬನನ್ನು ನನ್ನ ಹತ್ತಿರ ಕರೆತಂದಿದ್ದರು. ಅವನದೂ ಇದೇ ಹಟ. ಅಮ್ಮ ಆಚೆ ಹೋದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಿಯ ತುದಿಯನ್ನು ಬೆರಳಿಗೆ ಸುತ್ತುತ್ತಾ ಅಂದ: ‘ನಾನು ಮನೆಗೆ ಬಂದಾಗ ಅಮ್ಮ ನನ್ನ ಮುಖ ನೋಡಲ್ಲ ಆಂಟಿ, ಸೊಂಟ ನೋಡ್ತಾರೆ.’ ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಹೆದರಿಕೆ ಪ್ರೀತಿಗಿಂತ ಒಂದು ಹೆಜ್ಜೆ ಮುಂದೆ ಓಡಿ ಬಾಗಿಲಿಗೆ ಬರುತ್ತಿತ್ತು, ಅಷ್ಟೇ.

ನಿಮ್ಮ ಪತ್ರದಲ್ಲೂ ನನಗೆ ಕಂಡದ್ದು ಅದೇ. ಅಪ್ಪ ಅಮ್ಮ ಯೋಚಿಸಿದಿರಿ, ಡಾಕ್ಟರು ಹೇಳಿದರು, ದುಡ್ಡು ಹೊಂದಿಸಿದಿರಿ, ಪಂಪ್ ಬಂತು. ಅದು ಅಂಟಿಕೊಂಡಿರುವುದು ಅವಳ ಮೈಗೆ, ಅದರ ಯಜಮಾನಿಕೆ ಮಾತ್ರ ದೊಡ್ಡವರದ್ದು. ಅವಳಿಗೆ ಬೇಡವಾಗಿರುವುದು ಪಂಪ್ ಅಂತ ನನಗನ್ನಿಸುವುದಿಲ್ಲ. ತನ್ನನ್ನು ಕೇಳದೆ ತನ್ನ ಮೈಮೇಲೆ ನಡೆಯುತ್ತಿರುವ ಕೆಲಸ ಬೇಡವಾಗಿದೆ. ಡೋಸಿನ ಲೆಕ್ಕ, ಪಂಪ್ ಇರಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮ ಕೈಯಲ್ಲೇ ಇರಲಿ, ಒಂಬತ್ತು ವರ್ಷದ ಹೆಗಲಿಗೆ ಅದು ಭಾರ. ಅದನ್ನು ಬಿಟ್ಟು ಉಳಿದದ್ದರಲ್ಲಿ ಎಷ್ಟೆಷ್ಟು ಸಾಧ್ಯವೋ ಅಷ್ಟನ್ನು ಅವಳಿಗೆ ಬಿಟ್ಟುಕೊಡಿ.

ಸೆಟ್ ಬದಲಿಸುವುದರಿಂದಲೇ ಶುರು ಮಾಡಿ. ಕೈಕಾಲು ಹಿಡಿದು ಹಾಕುವುದನ್ನು ನಿಲ್ಲಿಸಬೇಕು. ಬಲವಂತದಿಂದ ಇವತ್ತು ಐದು ನಿಮಿಷ ಉಳಿದೀತು, ಮುಂದಿನ ಸಲದ ಹೆದರಿಕೆ ಅವತ್ತೇ ಎರಡರಷ್ಟಾಗಿರುತ್ತದೆ. ಶಾಲೆಯಿಂದ ಬಂದು, ಕೈಕಾಲು ತೊಳೆದು, ತಿಂಡಿಗೆ ಮುಂಚಿನ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಮಲಗುವ ಹೊತ್ತಿಗೆ ಹೊಸ ಸೆಟ್ ಬೇಡ. ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಗಂಟೆ ಬಿಟ್ಟು ಶುಗರ್ ನೋಡಿದರೆ ಗೊತ್ತಾಗುತ್ತದೆ, ಆಗ ಎಲ್ಲರೂ ಎಚ್ಚರವಿರಬೇಕು. ಚರ್ಮ ಮರಗಟ್ಟಿಸುವ ಕ್ರೀಮಿಗೆ ಡಾಕ್ಟರನ್ನು ಕೇಳಿ. ಒಂದು ಗಂಟೆ ಮುಂಚೆ ಹಚ್ಚಿ, ಹಾಕುವ ಮೊದಲು ಚೆನ್ನಾಗಿ ಒರೆಸಿಬಿಟ್ಟರೆ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ.

ಆಮೇಲೆ, ‘ಹಾಕಿಸಿಕೊಳ್ತೀಯಾ?’ ಎಂದು ಕೇಳಬೇಡಿ, ‘ಇಲ್ಲ’ ಎಂದರೆ ನಿಮ್ಮ ಬಳಿ ಉತ್ತರವಿಲ್ಲ. ‘ಇವತ್ತು ಹೊಟ್ಟೆಯ ಎಡಗಡೆಗೋ, ತೊಡೆಗೋ?’ ಎಂದು ಕೇಳಿ. ಹೇಗೂ ಜಾಗ ಬದಲಿಸುತ್ತಲೇ ಇರಬೇಕು, ಒಂದೇ ಕಡೆ ಹಾಕುತ್ತಿದ್ದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಇಳಿಯುವುದಿಲ್ಲ. ಹಳೆ ಅಂಟುಪಟ್ಟಿಯನ್ನು ಎಣ್ಣೆ ಸವರಿ ಅವಳೇ ಬಿಡಿಸಲಿ. ‘ಒಂದು, ಎರಡು, ಮೂರು’ ಅವಳೇ ಎಣಿಸಲಿ, ಮೂರು ಎನ್ನುವವರೆಗೆ ಅಪ್ಪನ ಕೈ ಅಲುಗಾಡಬಾರದು. ಬಿಚ್ಚಿದ ಹಳೆ ಸೆಟ್ಟಿನ ಟ್ಯೂಬು ಮತ್ತು ಪಟ್ಟಿಯನ್ನು ಎಸೆಯದೆ, ಸೂಜಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳ ಗೊಂಬೆಗೆ ಹಾಕಲು ಕೊಡಿ. ಗೊಂಬೆಯ ಜೊತೆ ಅವಳು ಆಡುವ ಮಾತನ್ನು ದೂರದಲ್ಲಿ ಕೂತು ಕೇಳಿಸಿಕೊಳ್ಳಿ. ನಿಮ್ಮ ಹತ್ತಿರ ಹೇಳದ್ದನ್ನು ಅದಕ್ಕೆ ಹೇಳುತ್ತಾಳೆ.

ನಿಮ್ಮ ಅತ್ತೆಯವರ ಕೊರಗನ್ನು ಹಗುರವಾಗಿ ನೋಡಬೇಡಿ, ಅದೂ ಹೆದರಿಕೆಯೇ. ಅವರಿಗೊಂದು ಸಂಗತಿ ಹೇಳಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ, ಹೊಟ್ಟೆಗೆ ಕೊಡದೆ ಒಂದಷ್ಟು ದಿನ ಜೀವ ಹಿಡಿದಿಡುವುದೊಂದೇ ದಾರಿಯಾಗಿತ್ತು. ಇವತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಓದಿದವರು, ಕೆಲಸಕ್ಕೆ ಸೇರಿದವರು, ಮದುವೆಯಾಗಿ ಮಕ್ಕಳನ್ನು ಹೆತ್ತವರು ಇದ್ದಾರೆ. ಬೇವು, ಹಾಗಲ, ಯಾರೋ ಹೇಳಿದ ಕಷಾಯ ಎಂದು ಇನ್ಸುಲಿನ್ ನಿಲ್ಲಿಸುವ ಮಾತು ಮನೆಯಲ್ಲಿ ಬಂದರೆ ಮಾತ್ರ ಗಟ್ಟಿಯಾಗಿ ತಡೆಯಿರಿ.

ಅಜ್ಜಿಗೆ ಒಂದು ಕೆಲಸವನ್ನೂ ಕೊಡಿ. ಅವರ ಕಾಲದ ಹೆಂಗಸರು ಎಲೆಯಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊಲ, ಮನೆ, ಜಾತ್ರೆ ಎಲ್ಲ ಓಡಾಡಿದವರು. ಸೊಂಟದಲ್ಲೊಂದು ಚೀಲವಿದ್ದೂ ಇಲ್ಲದ ಹಾಗೆ ಇರುವುದು ಹೇಗೆಂದು ಅವರಿಗೆ ಗೊತ್ತು. ತಮ್ಮ ಹಳೆ ಸೀರೆಯ ಅಂಚಿನಲ್ಲಿ ಪಂಪ್ ಹಿಡಿಸುವಷ್ಟು ಅಗಲದ, ಟ್ಯೂಬಿಗೊಂದು ಕಿಂಡಿಯಿರುವ ಚೀಲವನ್ನು ಮೊಮ್ಮಗಳಿಗೆ ಹೊಲಿದು ಕೊಡಲಿ. ಬಣ್ಣ ಅವಳೇ ಆರಿಸಲಿ. ಹಬ್ಬಕ್ಕೆ ಲಂಗ ಹೊಲಿಸುವಾಗ ಒಳಮೈಯಲ್ಲೊಂದು ಜೇಬು ಇಡಿಸಿ. ‘ಮಿಷನ್ನು’ ಎಂದವರ ಬಾಯಲ್ಲೇ ‘ನಮ್ಮ ಪುಟ್ಟಿಯ ಸಂಚಿ’ ಎಂದು ಬಂದರೆ ಆ ಮನೆಯ ಗಾಳಿಯೇ ಬದಲಾಗುತ್ತದೆ.

ಶಾಲೆಗೆ ನೀವೇ ಹೋಗಿ ಬನ್ನಿ. ಹೋಗುವ ಮುಂಚೆ ಮಗಳನ್ನು ಕೇಳಿ: ‘ಯಾರಿಗೆ ಹೇಳಲಿ, ಯಾರಿಗೆ ಬೇಡ?’ ಕ್ಲಾಸ್ ಟೀಚರಿಗೆ, ಪಿ.ಟಿ. ಮೇಷ್ಟ್ರಿಗೆ ಹೇಳಲೇಬೇಕು, ಅದನ್ನು ಅವಳಿಗೂ ತಿಳಿಸಿ. ಗೆಳತಿಯರ ವಿಷಯ ಅವಳದ್ದು. ಟೀಚರ ಕೈಗೆ ಒಂದು ಹಾಳೆ ಕೊಡಿ. ಕೈ ನಡುಗಿದರೆ, ಬೆವತರೆ, ಮಂಕಾದರೆ ಶುಗರ್ ನೋಡಲು ಬಿಡಬೇಕು. 70ಕ್ಕಿಂತ ಕಡಿಮೆಯಿದ್ದರೆ ಕೂತಲ್ಲೇ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಬೇಕು. ಎಷ್ಟೆಂದು ಡಾಕ್ಟರು ಹೇಳುತ್ತಾರೆ, ಸಾಮಾನ್ಯವಾಗಿ ಮೂರು ಚಿಕ್ಕ ಚಮಚ, ಹದಿನೈದು ಗ್ರಾಮಿನಷ್ಟು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಒಬ್ಬಳನ್ನೇ ಎಲ್ಲೂ ಕಳಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಶಾಲೆಯವರು ಹಿಂದೆಮುಂದೆ ನೋಡಿದರೆ, 2017ರಿಂದಲೇ ಸಿಬಿಎಸ್‌ಇ ಪರೀಕ್ಷೆಗಳಲ್ಲಿ ಇಂಥ ಮಕ್ಕಳು ತಿನ್ನುವ ಪದಾರ್ಥವನ್ನು ಹಾಲ್‌ಗೆ ಒಯ್ಯಲು ಅನುಮತಿ ಇದೆ ಎಂದು ನೆನಪಿಸಿ. ಪರೀಕ್ಷೆಯಲ್ಲೇ ಸಲ್ಲುವುದು ತರಗತಿಯಲ್ಲಿ ಸಲ್ಲದೇ?

‘ಬ್ಯಾಟರಿ’ ಎನ್ನುವ ಮಕ್ಕಳಿಗೆ ಏನು ಹೇಳಬೇಕೆಂದು ಮನೆಯಲ್ಲೇ ಆಡಿ ನೋಡಿ. ನೀವು ಕೀಟಲೆ ಮಾಡುವ ಹುಡುಗಿಯಾಗಿ, ಅವಳು ಉತ್ತರ ಕೊಡಲಿ. ‘ನನ್ನ ಹೊಟ್ಟೇಲಿ ಇನ್ಸುಲಿನ್ ತಯಾರಾಗಲ್ಲ, ಇದು ಕೊಡುತ್ತೆ. ನಿಂಗೇನೂ ಅಂಟಲ್ಲ.’ ಇಷ್ಟು ಸಾಕು. ಹತ್ತು ಸಲ ಮನೆಯಲ್ಲಿ ಹೇಳಿದ್ದು ಶಾಲೆಯಲ್ಲಿ ತಡವರಿಸದೆ ಬರುತ್ತದೆ. ಪಂಪಿನಿಂದ ಆಗುವ ಅನುಕೂಲವೂ ಅವಳ ಕೈಗೆ ಸಿಗುವಂತಿರಲಿ. ಗೆಳತಿಯ ಹುಟ್ಟುಹಬ್ಬದ ಕೇಕನ್ನು, ಅಜ್ಜಿ ಸುಟ್ಟ ಎರಡನೇ ಅಕ್ಕಿರೊಟ್ಟಿಯನ್ನು ಇನ್ನೊಂದು ಸೂಜಿಯಿಲ್ಲದೆ, ಲೆಕ್ಕ ಹಾಕಿ ಗುಂಡಿ ಒತ್ತಿ ತಿನ್ನಬಹುದು. ಆ ಗುಂಡಿಯನ್ನು ನಿಮ್ಮ ಕಣ್ಣೆದುರು ಅವಳೇ ಒತ್ತಲಿ.

ಒಡವೆಯ ಮಾತು. ಅದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿದೆ, ತೆಗೆಯಬೇಕು. ಒಂದು ರಾತ್ರಿ ತಲೆ ನೇವರಿಸುತ್ತಾ ಹೇಳಿ: ‘ಅವತ್ತು ನಿನ್ನ ಮೇಲೆ ಸಿಟ್ಟಿರಲಿಲ್ಲ ಕಂದ, ಹೆದರಿಬಿಟ್ಟಿದ್ದೆ. ಒಡವೆ ನಮ್ಮ ಲೆಕ್ಕ, ನಿನ್ನದಲ್ಲ.’ ಮಕ್ಕಳ ಎದುರು ತಪ್ಪೊಪ್ಪಿಕೊಂಡರೆ ತಾಯಿ ಚಿಕ್ಕವಳಾಗುವುದಿಲ್ಲ. ಸುಳ್ಳಿಗೂ ಮದ್ದು ಇದೇ. ಶುಗರ್ 300 ಬಂದರೆ ಬೈಗುಳ, 120 ಬಂದರೆ ಮುದ್ದು ಎಂದಾದರೆ ಯಾವ ಮಗುವೂ 120 ಎಂದೇ ಹೇಳುತ್ತದೆ. 300 ಎಂದು ನಿಜ ಹೇಳಿದ ದಿನ ‘ಹೇಳಿದ್ದು ಒಳ್ಳೆಯದಾಯ್ತು, ಬಾ, ಸರಿಮಾಡೋಣ’ ಎನ್ನಿ.

ಪಂಪ್ ತೆಗೆಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಹಾಗೆಂದು ಪಂಪ್ ವ್ರತವೂ ಅಲ್ಲ. ಡಾಕ್ಟರ ಲೆಕ್ಕದ ಪ್ರಕಾರ ನಾಲ್ಕು ದಿನ ಪೆನ್ನಿಗೆ ಮರಳಿ, ಮತ್ತೆ ಪಂಪಿಗೆ ಬರಬಹುದು. ‘ತೀರಾ ಬೇಜಾರಾದರೆ ನನಗೆ ಹೇಳು, ಡಾಕ್ಟರನ್ನು ಕೇಳಿ ಪೆನ್ನಿಗೆ ಹೋಗೋಣ, ಗುಟ್ಟಾಗಿ ಮಾತ್ರ ಬಿಚ್ಚಬೇಡ’ ಎಂದು ಅವಳ ಜೊತೆ ಒಪ್ಪಂದ ಮಾಡಿಕೊಳ್ಳಿ. ಬಾಗಿಲು ತೆರೆದಿದೆ ಎಂದು ಗೊತ್ತಿರುವ ಮಗು ಕಿಟಕಿ ಹಾರುವುದಿಲ್ಲ. ಆರು ತಿಂಗಳು ಪ್ರಯತ್ನಿಸಿದ ಮೇಲೂ ಬೇಡವೆಂದರೆ ಪೆನ್ನೇ ಇರಲಿ, ಅದೂ ಒಳ್ಳೆಯ ಚಿಕಿತ್ಸೆಯೇ, ಅದು ಸೋಲಲ್ಲ.

ಕೊನೆಗೆ, ನಿಮ್ಮ ನಿದ್ದೆ. ಮೂರು ವರ್ಷದಿಂದ ರಾತ್ರಿ ಎದ್ದೆದ್ದು ನೋಡುತ್ತಿರುವುದು ನೀವೊಬ್ಬರೇ ಎಂದು ನನ್ನ ಊಹೆ. ವಾರದಲ್ಲಿ ಮೂರು ರಾತ್ರಿ ನಿಮ್ಮ ಯಜಮಾನರು ಎಚ್ಚರವಿರಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ.

ಈ ವಾರ ಬೇರೇನೂ ಆಗದಿದ್ದರೂ ಒಂದು ಮಾಡಿ. ಸಂಜೆ ಅವಳು ಚಪ್ಪಲಿ ಬಿಡುವಾಗ ಹತ್ತಿರ ಕೂತು, ಮುಖ ನೋಡಿ, ‘ಇವತ್ತು ಏನಾಟ ಆಡಿದ್ರಿ?’ ಎಂದು ಕೇಳಿ. ಅವಳು ಹುಷಾರಾಗಿ ಕಾಣುತ್ತಿದ್ದರೆ ಶುಗರ್ ನೋಡುವುದು ಐದು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಮೊದಲ ದಿನ ಉತ್ತರ ಬರಲಿಕ್ಕಿಲ್ಲ, ಎರಡನೇ ದಿನವೂ ಬರಲಿಕ್ಕಿಲ್ಲ. ಕೇಳುತ್ತಲೇ ಇರಿ. ಕುಂಟಾಬಿಲ್ಲೆಯಲ್ಲಿ ಯಾರು ಮೋಸ ಮಾಡಿದರು ಎಂದು ಅವಳು ಹೇಳಲು ಶುರು ಮಾಡಿದ ದಿನ, ಶುಗರ್ ಎಷ್ಟಿದೆ ಎಂಬುದನ್ನೂ ನೀವು ಕೇಳದೆಯೇ ಹೇಳುತ್ತಾಳೆ.