ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇಲ್ಲ

ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತ ಮಕ್ಕಳನ್ನು ಸಾಕುವ ತಾಯಿಗೆ ಎರಡು ಬಾಗಿಲಲ್ಲಿ ಎರಡು ಮಾತು ಕೇಳಿಬರುತ್ತವೆ. ಅಂಗವಿಕಲ ಪ್ರಮಾಣಪತ್ರಕ್ಕೆ ಹೋದರೆ, ‘ಕೈಕಾಲು ನೆಟ್ಟಗ ಅದಾವಲ್ಲವ್ವ, ನಿನಗೇನಾಗ್ಯಾದ?’ ಎನ್ನುತ್ತಾರೆ. ಗಂಡನ ಮನೆಯವರು ಕೂಸನ್ನು ಕಿತ್ತುಕೊಂಡರೆಂದು ದೂರಲು ಹೋದರೆ, ‘ಇಂಥಾಕಿ ಕೂಸಿನ್ನ ಹ್ಯಾಂಗ ನೋಡ್ಕೋತಾಳ?’ ಎನ್ನುತ್ತಾರೆ. ಒಂದು ಕಡೆ ಅವಳ ಕಾಯಿಲೆಯನ್ನು ನಂಬುವವರಿಲ್ಲ, ಇನ್ನೊಂದು ಕಡೆ ಅವಳ ತಾಯ್ತನವನ್ನು ನಂಬುವವರಿಲ್ಲ. ಎರಡು ಮಾತಿಗೂ ಕಾನೂನಿನ ಆಧಾರವಿಲ್ಲ. ಆದರೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಜನ ಇವನ್ನು ಕೇಳಿಸಿಕೊಂಡು ಸುಮ್ಮನೆ ಊರಿಗೆ ಮರಳುತ್ತಾರೆ. ಪ್ರಕರಣ ಸೋಲುವುದು ಅಲ್ಲೇ.

ಕಣ್ಣಿಗೆ ಕಾಣದ ವೈಕಲ್ಯವನ್ನು ಕಾನೂನು ಇತ್ತೀಚೆಗೆ ಕಂಡುಹಿಡಿದದ್ದಲ್ಲ. 1995ರ ಕಾಯ್ದೆಯ ಏಳು ವೈಕಲ್ಯಗಳಲ್ಲೇ ಮಾನಸಿಕ ಕಾಯಿಲೆ ಇತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಶ್ರವಣದೋಷ, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ ಎಲ್ಲವೂ ಅದರಲ್ಲಿವೆ. ಹಾಗೆಂದು ಎಲ್ಲ ಕಾಯಿಲೆಯೂ ಸೇರಿದೆ ಎಂದುಕೊಂಡು ಹೊರಡಬಾರದು. ಸಕ್ಕರೆ ಕಾಯಿಲೆ, ಹೃದ್ರೋಗ ಅದರಲ್ಲಿಲ್ಲ. ಫಿಟ್ಸ್ ಕೂಡ ಹೆಸರು ಹಿಡಿದು ಸೇರಿಲ್ಲ. ಕಿವಿಯ ವಿಷಯದಲ್ಲಿ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟ ಇರಬೇಕು. ಒಂದೇ ಕಿವಿ ಹೋದವರು ಈ ವ್ಯಾಖ್ಯೆಗೆ ಬರುವುದಿಲ್ಲ. ಕಲ್ಲಿನ ಗಣಿ, ಕ್ರಷರ್, ಸಿಮೆಂಟ್ ಗಿರಣಿಗಳ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡ ತಂದೆಗೆ ಇನ್ನೊಂದು ದಾರಿಯೂ ಇದೆ. ನೌಕರರ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸದ್ದಿನಿಂದಾದ ಶ್ರವಣದೋಷ ಸೇರಿದೆ. ಇಎಸ್‌ಐ ಇರುವವರು ಅದನ್ನು ಇಎಸ್‌ಐ ಮೂಲಕವೇ ಕೇಳಬೇಕು.

ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಸಾಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ಜನ ವಿ.ಆರ್.ಡಬ್ಲ್ಯು ಎಂದು ಕರೆಯುವವರು, ಇದಕ್ಕೆ ನೆರವಾಗಬೇಕು. ಸೈಬರ್ ಸೆಂಟರಿನಲ್ಲಿ ಹಾಕಿಸುವುದಾದರೆ ಅರ್ಜಿದಾರರ ಸ್ವಂತ ಮೊಬೈಲ್ ನಂಬರನ್ನೇ ಕೊಡಬೇಕು. ಅಂಗಡಿಯವರ ನಂಬರ್ ಹಾಕಿದರೆ ಓಟಿಪಿ, ತಪಾಸಣೆಯ ದಿನಾಂಕ ಎಲ್ಲ ಅವರಿಗೇ ಹೋಗುತ್ತದೆ. ಅರ್ಜಿದಾರರಿಗೆ ಗೊತ್ತಾಗುವಷ್ಟರಲ್ಲಿ ದಿನ ದಾಟಿರುತ್ತದೆ.

ಮಾನಸಿಕ ಕಾಯಿಲೆಯ ತಪಾಸಣೆಯಲ್ಲಿ ವೈದ್ಯರು ನೋಡುವುದು ಮುಖವನ್ನಲ್ಲ. ‘ಐಡಿಯಾಸ್’ ಎಂಬ ಅಳತೆಗೋಲಿನಲ್ಲಿ ನಾಲ್ಕು ವಿಷಯಗಳಿವೆ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಂದಿಗಿನ ಸಂಬಂಧ, ಮಾತು ಮತ್ತು ತಿಳಿವಳಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕವಿದೆ. ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಕೂತು, ‘ಹ್ಯಾಂಗಿದ್ದೀಯವ್ವ?’ ಎಂದರೆ ‘ಆರಾಮ ಇದ್ದೀನ್ರಿ’ ಎನ್ನುತ್ತಾರೆ. ಆ ಒಂದು ಮಾತಿಗೆ ಅಂಕ ಇಳಿಯುತ್ತದೆ. ಒಲೆ ಹಚ್ಚಿ ಮರೆತದ್ದು, ಮೂರು ದಿನ ಹಾಸಿಗೆ ಬಿಟ್ಟು ಏಳದಿದ್ದದ್ದು, ಆಗ ಮಕ್ಕಳಿಗೆ ಉಣಿಸಿದ್ದು ಪಕ್ಕದ ಮನೆಯವರು ಎಂಬುದನ್ನು ಹೇಳಲೇಬೇಕು. ಇದನ್ನೆಲ್ಲ ಕಣ್ಣಾರೆ ಕಂಡ ಅಕ್ಕನೋ ಅತ್ತಿಗೆಯೋ ಜೊತೆಗಿರಬೇಕು. ಹಳೆಯ ಚೀಟಿಗಳೂ ಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿದ ಪ್ರತಿ ಸಲದ ಓಪಿಡಿ ಚೀಟಿಯೂ ಸಾಕ್ಷಿ. ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ತೋರಿಸಿದ್ದರೆ ಆ ದಾಖಲೆಯ ಪ್ರತಿ ಕೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಕೊಡುತ್ತದೆ.

ಈಗ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪಿನ ಮಾತು. ಕೌಂಟರಿನಲ್ಲಿ ಕೂತವರು, ಕೆಲವೊಮ್ಮೆ ವೈದ್ಯರಲ್ಲದ ಸಿಬ್ಬಂದಿಯೇ, ‘ನಿನಗ ಬರಲ್ಲ, ಹೋಗು’ ಎನ್ನುತ್ತಾರೆ. ಅರ್ಜಿದಾರರು ಹೋಗಿಬಿಡುತ್ತಾರೆ. ಅಂದರೆ ದಾಖಲೆಯಲ್ಲಿ ಅವರು ಬಂದೇ ಇಲ್ಲ. ಪ್ರಮಾಣಪತ್ರ ನಿರಾಕರಿಸಿದರೆ, ಅಥವಾ ಪ್ರತಿಶತ ಕಡಿಮೆ ಹಾಕಿದರೆ, 2016ರ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಇದೆ. ನಿರ್ಧಾರವಾದ ದಿನದಿಂದ 90 ದಿನದೊಳಗೆ ಹಾಕಬೇಕು. ಬಾಯಿಮಾತಿಗೆ ದಿನಾಂಕವೂ ಇಲ್ಲ, ಸಹಿಯೂ ಇಲ್ಲ. ‘ಯಾವ ಆದೇಶದ ಮೇಲೆ ಬಂದಿದ್ದೀರಿ?’ ಎಂದು ಮೇಲ್ಮನವಿ ಪ್ರಾಧಿಕಾರ ಕೇಳಿದರೆ ವಕೀಲರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಇದು ಅಧಿಕಾರಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಬಡವರನ್ನು ಬಾಯಿಮಾತಿನಲ್ಲೇ ಸಾಗಹಾಕುವುದು ಕರ್ತವ್ಯಲೋಪ, ಅದಕ್ಕೆ ಬೇರೆ ಹೆಸರಿಲ್ಲ. ಚಿಂಚೋಳಿಗೆ ರೈಲಿಲ್ಲ. ಅಲ್ಲಿನ ತಾಂಡಾದಿಂದ ಕಲಬುರಗಿಗೆ ಬರುವ ತಾಯಿ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಕಳೆದುಕೊಂಡು ಬಂದಿರುತ್ತಾಳೆ. ಅವಳಿಗೆ ಒಂದು ಹಾಳೆ ಬರೆದುಕೊಡಲು ಎಷ್ಟು ಹೊತ್ತು ಬೇಕು?

ಹಾಗಾಗಿ ‘ಹಿಂಬರಹ ಕೊಡ್ರಿ’ ಎಂದು ಕೇಳಿ ಅಲ್ಲೇ ನಿಲ್ಲಬೇಕು. ಕೊಡದಿದ್ದರೆ ಅಂದೇ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಸಂಖ್ಯೆ, ಬಂದ ದಿನ, ಹೇಳಿದ ಮಾತು ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಅದನ್ನೂ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ನಂತರ ಮಾಹಿತಿ ಹಕ್ಕಿನಡಿ ‘ನನ್ನ ಅರ್ಜಿಯ ಮೇಲೆ ಏನು ಕ್ರಮವಾಗಿದೆ’ ಎಂದು ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, 30 ದಿನದಲ್ಲಿ ಉತ್ತರ ಬರಬೇಕು. ತಡಮಾಡಿದರೆ ನಷ್ಟ ಅರ್ಜಿದಾರರಿಗೇ. 2024ರಲ್ಲಿ ತಿದ್ದಿದ ನಿಯಮದಂತೆ ಪ್ರಮಾಣಪತ್ರಕ್ಕೆ ಮೂರು ತಿಂಗಳ ಗಡುವಿದೆ, ಆದರೆ ಎರಡು ವರ್ಷ ಮೀರಿ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಹಾಕಬೇಕು.

ಆಸ್ಪತ್ರೆಯ ಗೇಟಿನ ಬಳಿ ‘ನಲವತ್ತು ಪರ್ಸೆಂಟ್ ಹಾಕಿಸಿಕೊಡ್ತೀನಿ’ ಎನ್ನುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬಾರದು. ಸುಳ್ಳು ದಾಖಲೆಯಿಂದ ಸೌಲಭ್ಯ ಪಡೆದರೆ ಅದೇ 2016ರ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಆಗ ಏಜೆಂಟ ಮಾಯವಾಗಿರುತ್ತಾನೆ, ನಿಜವಾದ ಕಾಯಿಲೆ ಇರುವವರೇ ಆರೋಪಿಗಳಾಗಿ ನಿಲ್ಲಬೇಕಾಗುತ್ತದೆ. 40ಕ್ಕಿಂತ ಕಡಿಮೆ ಬಂದವರಿಗೆ ಕೊಡುವ ಬಿಳಿ ಕಾರ್ಡನ್ನೂ ಎಸೆಯಬಾರದು. ಮಾಸಾಶನ, ಮೀಸಲಾತಿಗೆ 40 ಬೇಕು ನಿಜ. ಎಲ್ಲ ಹಕ್ಕಿಗೂ ಬೇಕಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಯುಪಿಎಸ್‌ಸಿ ಸಹಾಯಕ ಬರಹಗಾರನನ್ನು ನಿರಾಕರಿಸಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು, ಅನುಕೂಲ ಕಲ್ಪಿಸುವ ಹೊಣೆ 40 ಪ್ರತಿಶತದವರಿಗೆ ಸೀಮಿತವಲ್ಲ ಎಂದಿತು.

ಇನ್ನು ಮಕ್ಕಳ ವಿಷಯ. ಪ್ರಮಾಣಪತ್ರ ಮಾಡಿಸಿದರೆ ‘ಹುಚ್ಚಿ’ ಎಂದು ತಾನೇ ಒಪ್ಪಿಕೊಂಡಂತೆ, ಮಗು ಕೈತಪ್ಪುತ್ತದೆ ಎಂಬ ಭಯ ಅನೇಕರಿಗಿದೆ. ಎದುರಾಳಿ ಆ ಕಾಗದವನ್ನು ಕೋರ್ಟಿಗೆ ಹಾಕಬಹುದು, ಸುಳ್ಳಲ್ಲ. ಆದರೆ ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ವ್ಯಕ್ತಿ ಬುದ್ಧಿಸ್ವಾಧೀನವಿಲ್ಲದವರಲ್ಲ, ಹಾಗೆ ಹೇಳಬೇಕಾದದ್ದು ಸಕ್ಷಮ ನ್ಯಾಯಾಲಯ ಎಂದು 2017ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ಸ್ಕಿಜೋಫ್ರೇನಿಯಾ ಎಂಬ ಹೆಸರಷ್ಟೇ ವಿಚ್ಛೇದನಕ್ಕೆ ಸಾಲದು, ಕಾಯಿಲೆಯ ತೀವ್ರತೆ ತೋರಿಸಬೇಕು ಎಂದು ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ, ಬೌದ್ಧಿಕ ನ್ಯೂನತೆಯ ಯುವತಿಗೆ ಗರ್ಭಪಾತ ಮಾಡಿಸಲು ಹೈಕೋರ್ಟ್ ಕೊಟ್ಟ ಆದೇಶವನ್ನು ಅದೇ ಸುಪ್ರೀಂ ಕೋರ್ಟ್ ತಡೆದು, ತಾಯಿಯಾಗುವ ಅವಳ ಇಚ್ಛೆಯನ್ನು ಎತ್ತಿಹಿಡಿಯಿತು. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಚಿಕಿತ್ಸೆ ತಪ್ಪದೆ ನಡೆದಿದೆ ಎಂಬ ದಾಖಲೆ ಕಸ್ಟಡಿ ಪ್ರಕರಣದಲ್ಲಿ ತಾಯಿಗೆ ಬಲ. ಚಿಕಿತ್ಸೆಯನ್ನು ಮುಚ್ಚಿಟ್ಟು, ಅದು ಕೋರ್ಟಿನಲ್ಲಿ ಬಯಲಾದರೆ ಮಾತ್ರ ಕಷ್ಟ.

ಒಂದು ಕಾಗದದ ಬಗ್ಗೆ ಬಲವಾಗಿ ಎಚ್ಚರಿಸಬೇಕು. ‘ಕೆಲ ದಿನ ಮಗು ಅಲ್ಲಿರಲಿ’ ಎಂದು ಹೆಬ್ಬೆಟ್ಟು ಕೇಳುವ ಕಾಗದ ಮಗುವನ್ನು ಒಪ್ಪಿಸುವ ಪತ್ರವಾಗಿರಬಹುದು. ಬಾಲನ್ಯಾಯ ಕಾಯ್ದೆಯ 35ನೇ ಸೆಕ್ಷನ್ನಿನಡಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಗೆ ಬರೆದುಕೊಟ್ಟರೆ ಮರುಯೋಚನೆಗೆ ಇರುವುದು ಎರಡೇ ತಿಂಗಳು. ಪೂರ್ತಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. ಒತ್ತಿಬಿಟ್ಟಿದ್ದರೆ ಅಂದೇ ವಕೀಲರನ್ನು ಕಾಣಬೇಕು.

ವಕೀಲರ ಫೀಜಿಗೆ ಹೆದರುವ ಅಗತ್ಯವಿಲ್ಲ. ಮಹಿಳೆಯರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸೇಡಂ, ಚಿತ್ತಾಪುರ, ಚಿಂಚೋಳಿಯವರು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, ಯಾರು ಬೇಕಾದರೂ ಕಲಬುರಗಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು. ಫೋನ್ ಮಾಡುವುದಾದರೆ 15100. ಹೋಗುವಾಗ ಅರ್ಜಿಯ ಪ್ರತಿ, ಓಪಿಡಿ ಚೀಟಿಗಳು, ಹಿಂಬರಹ ಅಥವಾ ಸ್ಪೀಡ್ ಪೋಸ್ಟಿನ ರಸೀದಿ ಜೊತೆಗಿರಲಿ. 90 ದಿನ ಮುಗಿಯುವ ಮುಂಚೆಯೇ ಹೋಗಿ.