ರಾತ್ರಿ ಪ್ರಯಾಣ: ಚಾಲಕನಿಗೂ ನಿದ್ದೆ ಬೇಕು

ಪರವೂರಿನಲ್ಲಿ ಮದುವೆ ಮುಗಿಸಿ, "ಈಗಲೇ ಹೊರಟರೆ ಬೆಳಗಿನ ಜಾವಕ್ಕೆ ಮನೆ ಸೇರಬಹುದು, ಒಂದು ರಜೆ ಉಳಿಯುತ್ತದೆ" ಎಂದು ರಾತ್ರಿ ಊಟವಾದ ಮೇಲೆ ಕಾರು ಹತ್ತುವ ಕುಟುಂಬಗಳು ಬೇಕಾದಷ್ಟಿವೆ. ಹಿಂದಿನ ಸೀಟಿನಲ್ಲಿ ಮಕ್ಕಳು ಹತ್ತೇ ನಿಮಿಷದಲ್ಲಿ ನಿದ್ದೆ ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ದೊಡ್ಡವರೂ. ಎಚ್ಚರವಾಗಿರಬೇಕಾದವರು ಒಬ್ಬರೇ. ಅವರು ಆ ದಿನ ಎಷ್ಟು ಗಂಟೆಗೆ ಎದ್ದಿದ್ದರು ಎಂದು ನೀವು ಕೇಳಿದ್ದುಂಟೇ?

ಕೇಳಬೇಕು. ಆಸ್ಟ್ರೇಲಿಯದ ಸಂಶೋಧಕರಾದ ಡ್ರ್ಯೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತವಾಗಿ 17 ಗಂಟೆ ಎಚ್ಚರವಾಗಿದ್ದವರ ಕಣ್ಣು-ಕೈಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರಷ್ಟೇ ಕುಗ್ಗಿರುತ್ತದೆ. ನಮ್ಮ ದೇಶದ ಕಾನೂನು ಚಾಲಕರಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಮುಹೂರ್ತಕ್ಕೆಂದು ಬೆಳಿಗ್ಗೆ 5ಕ್ಕೆ ಎದ್ದವರಿಗೆ ರಾತ್ರಿ 10ಕ್ಕೇ 17 ಗಂಟೆ ತುಂಬುತ್ತದೆ. ತೊಟ್ಟು ಮದ್ಯವನ್ನೂ ಮುಟ್ಟದ ಸಾತ್ವಿಕರಿಗೂ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ!

ತೂಕಡಿಸುವ ಚಾಲಕನಿಗೆ ಮೂರು-ನಾಲ್ಕು ಸೆಕೆಂಡುಗಳ ಕಿರುನಿದ್ದೆ ಬಂದು ಹೋಗುತ್ತದೆ. ಹಲವು ಬಾರಿ ಅದು ಬಂದದ್ದು ಅವನಿಗೇ ತಿಳಿಯದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಓಡಿಬಿಡುತ್ತದೆ. ಕುಡಿದವನು ತಡವಾಗಿಯಾದರೂ ಬ್ರೇಕ್ ಒತ್ತಿಯಾನು, ನಿದ್ದೆ ಹೋದವನು ಒತ್ತುವುದೇ ಇಲ್ಲ. ಇಂಥ ಅಪಘಾತಗಳ ಪೆಟ್ಟು ಘೋರವಾಗಿರುವುದು ಅದಕ್ಕೇ.

ನಮ್ಮ ದೇಹದೊಳಗೊಂದು ಗಡಿಯಾರವಿದೆ. ರಾತ್ರಿ 2ರಿಂದ 6ರವರೆಗೆ ಅದು ನಮ್ಮನ್ನು ನಿದ್ದೆಗೆ ಎಳೆಯುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ. (ಮಧ್ಯಾಹ್ನದ ಜೊಂಪಿಗೆ ಹೋಳಿಗೆಯೊಂದನ್ನೇ ದೂರಬೇಡಿ.) ಶೀತಕ್ಕೆಂದು ನುಂಗುವ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಬೆಚ್ಚುವವರು ರಾತ್ರಿಯಿಡೀ ಮಲಗಿದ್ದರೂ ಹಗಲು ತೂಕಡಿಸಬಹುದು. ಅಂಥವರು ವೈದ್ಯರನ್ನು ಕಾಣುವುದು ಅಗತ್ಯ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಎಲ್ಲರೂ ಬಲ್ಲ ಉಪಾಯ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ ಇವನ್ನು ಪರೀಕ್ಷಿಸಿ ನೋಡಿದರು. ಪ್ರಯೋಜನ ಸ್ವಲ್ಪವೇ, ಅದೂ ಕೆಲ ಹೊತ್ತು ಮಾತ್ರ. ಅವರಿಗೆ ಫಲಕಾರಿಯಾಗಿ ಕಂಡದ್ದು ಕಾಫಿ ಮತ್ತು ಕಿರುನಿದ್ದೆಯ ಜೋಡಿ. ಗಟ್ಟಿ ಕಾಫಿ ಕುಡಿದು ಕೂಡಲೇ ಹದಿನೈದು ನಿಮಿಷ ಕಣ್ಣು ಮುಚ್ಚಿ. ಕಾಫಿಯ ಗುಣ ಮೈಗೆ ಹತ್ತುವುದರೊಳಗೆ ಒಂದು ಜೊಂಪು ಮುಗಿದಿರುತ್ತದೆ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ, ಪೆಟ್ರೋಲ್ ಬಂಕಿನಂಥ ಬೆಳಕಿರುವ ಜಾಗ ನೋಡಿ. ಹೀಗೆ ಸಿಗುವುದು ಸ್ವಲ್ಪ ಹೊತ್ತಿನ ಚೈತನ್ಯವಷ್ಟೆ. ಇಡೀ ರಾತ್ರಿಯ ನಿದ್ದೆಗೆ ಇದು ಬದಲಿಯಲ್ಲ.

ಈಗ ಕೆಲವು ಕಾರುಗಳೇ ಚಾಲಕನನ್ನು ಗಮನಿಸುತ್ತವೆ. ಸ್ಟಿಯರಿಂಗ್ ತಿರುಗಿಸುವ ರೀತಿ ತಪ್ಪಿದರೆ ಕೆಲವು ಗಂಟೆ ಬಾರಿಸುತ್ತವೆ. ಇನ್ನು ಕೆಲವು, ರೆಪ್ಪೆಗಳು ಎಷ್ಟು ಹೊತ್ತು ಮುಚ್ಚಿರುತ್ತವೆ ಎಂಬುದನ್ನು ಕ್ಯಾಮೆರಾದಿಂದ ಅಳೆಯುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಮಂಪರಿನ ಎಚ್ಚರಿಕೆ ಕಡ್ಡಾಯ. ಆದರೆ ಗಂಟೆ ಕೇಳಿದ ಮೇಲೂ "ಇನ್ನು ಇಪ್ಪತ್ತೇ ಮೈಲಿ" ಎನ್ನುವವರಿಗೆ ಯಂತ್ರ ಏನು ಮಾಡೀತು? ತಮಗೆ ನಿದ್ದೆ ಬರುತ್ತಿದೆಯೆಂಬುದು ಚಾಲಕರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ನಿದ್ದೆ ಹೋಗಿಯೇಬಿಡುತ್ತೇವೆ ಎಂಬುದನ್ನು ಅವರು ಒಪ್ಪುವುದಿಲ್ಲ.

ಆದ್ದರಿಂದ ಪಕ್ಕದಲ್ಲಿ ಕುಳಿತವರು ಎಚ್ಚರವಾಗಿದ್ದು ಗಮನಿಸಬೇಕು. ಮೇಲಿಂದ ಮೇಲೆ ಆಕಳಿಕೆ, ಕಣ್ಣುಜ್ಜುವುದು, ಗಾಡಿ ಪಕ್ಕಕ್ಕೆ ವಾಲುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ ಬರುವುದು ಕಂಡರೆ ನಿಲ್ಲಿಸಲು ಹೇಳಿ. ಬಾಡಿಗೆ ಗಾಡಿಯಾದರೆ ಚಾಲಕನನ್ನು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದನೆಂದು ಹೊರಡುವ ಮೊದಲೇ ವಿಚಾರಿಸಿ. ನೀವು ಛತ್ರದಲ್ಲಿ ಊಟ, ಮಾತುಕತೆಯಲ್ಲಿರುವಾಗ ಆತ ಬಿಸಿಲಲ್ಲಿ ಗಾಡಿ ಕಾಯುತ್ತಿರುತ್ತಾನೆ. ಮಧ್ಯಾಹ್ನ ಒಂದು ಚಾಪೆ, ಒಂದು ಫ್ಯಾನು ಆತನಿಗೂ ಒದಗಿಸಿ.